ಗೆಳೆಯನ ಪಟ್ಟಿಗೆ ಸೇರಿದ ಇಡ್ಲಿ

ಪ್ರಶ್ನೆ: ಹ್ಯಾಸ್ಕೆಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ‘ಟೆಲಿಗ್ರಾಮ್-ಬಾಟ್-ಸಿಂಪಲ್’ ಲೈಬ್ರರಿ ಬಳಸಿ, ಟೆಲಿಗ್ರಾಮ್‌ನಲ್ಲಿ ತಿಂಡಿ ಆರ್ಡರ್ ತೆಗೆದುಕೊಳ್ಳುವ ಬಾಟ್ (ತಾನಾಗಿಯೇ ಉತ್ತರಿಸುವ ಪ್ರೋಗ್ರಾಂ) ಬರೆದಿದ್ದೇನೆ. ಗೆಳೆಯನೂ ಅದನ್ನು ಮಾತಾಡಿಸಿದರೆ ನಾನು ಹೇಳಿದ ಇಡ್ಲಿ ಅವನ ಪಟ್ಟಿಯಲ್ಲಿ ಕಾಣುತ್ತದೆ. ‘ಎಷ್ಟು ಬೇಕು?’ ಎಂದಾಗ ಅವನು ‘೨’ ಎಂದು ಟೈಪಿಸಿದರೆ ಬಾಟ್‌ಗೆ ತಿಳಿಯುವುದೇ ಇಲ್ಲ.

ಉತ್ತರ: ತಪ್ಪು ಹ್ಯಾಂಡ್ಲರ್‌ನಲ್ಲಿ (ಬಂದ ಸಂದೇಶಕ್ಕೆ ಏನು ಮಾಡಬೇಕೆಂದು ಹೇಳುವ ಫಂಕ್ಷನ್) ಇಲ್ಲ, ಬಾಟ್ ಶುರು ಮಾಡುವ ಸಾಲಿನಲ್ಲಿದೆ. ಈ ಲೈಬ್ರರಿ ಎಲ್ಮ್ ಭಾಷೆಯ ಜಾಡಿನದು. ಹ್ಯಾಂಡ್ಲರ್ ಒಂದು ಆ್ಯಕ್ಷನ್ (ಬಳಕೆದಾರ ಮಾಡಿದ್ದು) ಮತ್ತು ಈಗಿನ ಮಾಡೆಲ್ (ಬಾಟ್ ನೆನಪಿಟ್ಟ ವಿವರ, ಇಲ್ಲಿ ಆರ್ಡರ್ ಪಟ್ಟಿ) ತೆಗೆದುಕೊಂಡು ಹೊಸ ಮಾಡೆಲ್ ಕೊಡುತ್ತದೆ. ಹಾಗೇ ಓಡಿಸಿದರೆ ಇಡೀ ಬಾಟ್‌ಗೆ ಒಂದೇ ಮಾಡೆಲ್, ಯಾರು ಬರೆದರೂ ಅದಕ್ಕೇ ಸೇರುತ್ತದೆ. ಬಾಟನ್ನು ‘ಕಾನ್ವರ್ಸೇಶನ್‌ಬಾಟ್ ಅಪ್‌ಡೇಟ್‌ಚಾಟ್‌ಐಡಿ’ಯಲ್ಲಿ ಸುತ್ತಿ ಓಡಿಸಿ, ಚಾಟ್‌ಗೊಂದು ಮಾಡೆಲ್ ಸಿಗುತ್ತದೆ. ಗ್ರೂಪ್‌ನಲ್ಲಿ ಮಾತ್ರ ಎಲ್ಲರ ಚಾಟ್ ಐಡಿಯೂ ಒಂದೇ. ಅಲ್ಲಿ ‘ಅಪ್‌ಡೇಟ್‌ಚಾಟ್‌ಐಡಿ’ ಬದಲು ಚಾಟ್ ಐಡಿ, ಬಳಕೆದಾರ ಐಡಿ ಎರಡನ್ನೂ ಜೋಡಿಸಿ ಕೊಡುವ ನಿಮ್ಮದೇ ಫಂಕ್ಷನ್ ಬರೆಯಬೇಕು.

‘೨’ರ ಕಥೆ ಬೇರೆ. ಪಠ್ಯವನ್ನು ಸಂಖ್ಯೆಯಾಗಿ ಓದುವ ‘ರೀಡ್‌ಮೇಬಿ’ 0ಯಿಂದ 9ರವರೆಗಿನ ಅಂಕಿಗಳನ್ನಷ್ಟೇ ಓದುತ್ತದೆ. ಕನ್ನಡ ಅಂಕಿ ಕೊಟ್ಟರೆ ‘ನಥಿಂಗ್’, ಅಂದರೆ ಓದಲಾಗಲಿಲ್ಲ. ಯೂನಿಕೋಡ್‌ನಲ್ಲಿ ‘೦’ಯ ಸಂಖ್ಯೆ 3302, ‘೯’ರದು 3311. ಈ ವ್ಯಾಪ್ತಿಯ ಅಕ್ಷರ ಬಂದರೆ 3302 ಕಳೆದು ಮಾಮೂಲಿ ಅಂಕಿ ಮಾಡಿಕೊಂಡು ಆಮೇಲೆ ಓದಿಸಿ. ಆಗಲೂ ‘ನಥಿಂಗ್’ ಬಂದರೆ ಮಾಡೆಲ್ ಮುಟ್ಟದೆ ಅದೇ ಪ್ರಶ್ನೆ ಮತ್ತೆ ಕೇಳಿ.

ಇನ್ನೊಂದು ಮಾತು, ನೀವು ಕೇಳದಿದ್ದರೂ: ಮಾಡೆಲ್ ಇರುವುದು ಮೆಮೊರಿಯಲ್ಲಿ, ಬಾಟ್ ನಿಂತರೆ ಅದೂ ಹೋಯಿತು. ಆರ್ಡರನ್ನು ಎಸ್‌ಕ್ಯೂಲೈಟ್ ಡೇಟಾಬೇಸ್‌ಗೆ ಬರೆದ ಮೇಲೆಯೇ ‘ಆಯಿತು’ ಎಂದು ಕಳಿಸಿ.

ಪ್ರಶ್ನೆ: ‘ಬೆಣ್ಣೆ ಮಸಾಲೆ ದೋಸೆ’ ಬಟನ್ ಕೆಲಸ ಮಾಡುತ್ತದೆ, ‘ಈರುಳ್ಳಿ ಬೆಣ್ಣೆ ಮಸಾಲೆ ದೋಸೆ’ ಸೇರಿಸಿದರೆ ಸಂದೇಶವೇ ಹೋಗುವುದಿಲ್ಲ. ಬಟನ್ ಒತ್ತಿದಾಗ ಬರುವ ಡೇಟಾವೂ ಅದೇ ಹೆಸರು.

ಉತ್ತರ: ಆ ಡೇಟಾಗೆ ಟೆಲಿಗ್ರಾಮ್ ಇಟ್ಟ ಮಿತಿ 64 ಬೈಟ್. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. ಗುಣಿತದ ಚಿಹ್ನೆ, ಒತ್ತಕ್ಷರದೊಳಗಿನ ಹಲಂತ ಚಿಹ್ನೆಯೂ (್) ಲೆಕ್ಕಕ್ಕೆ ಬರುತ್ತವೆ. ಮೊದಲ ಹೆಸರು 47 ಬೈಟ್, ಈರುಳ್ಳಿ ಸೇರಿದರೆ 69. ಬಟನ್ ಮೇಲೆ ಪೂರ್ತಿ ಹೆಸರಿರಲಿ, ಡೇಟಾ ಆಗಿ ‘7’ ಎಂಬಂಥ ಚಿಕ್ಕ ಗುರುತು ಸಾಕು. ಒತ್ತಿದ ಮೇಲೆ ‘ಆನ್ಸರ್‌ಕಾಲ್‌ಬ್ಯಾಕ್‌ಕ್ವೆರಿ’ ಕರೆಯನ್ನು ಮರೆಯಬೇಡಿ, ಇಲ್ಲದಿದ್ದರೆ ಬಟನ್ ಮೇಲೆ ಚಕ್ರ ತಿರುಗುತ್ತಲೇ ಇರುತ್ತದೆ.

ಪ್ರಶ್ನೆ: ‘409 ಕಾನ್‌ಫ್ಲಿಕ್ಟ್’ ಎಂಬ ದೋಷ ಸಂದೇಶ ಬರುವುದೇಕೆ?

ಉತ್ತರ: ಒಂದೇ ಟೋಕನ್‌ನಲ್ಲಿ (ಬಾಟ್‌ನ ಗುಪ್ತ ಕೀಲಿ) ಬಾಟ್‌ನ ಎರಡು ಪ್ರತಿ ಓಡುತ್ತಿವೆ, ಸಾಮಾನ್ಯವಾಗಿ ಒಂದು ಲ್ಯಾಪ್‌ಟಾಪ್‌ನಲ್ಲಿ, ಇನ್ನೊಂದು ಸರ್ವರ್‌ನಲ್ಲಿ. ಒಂದನ್ನು ನಿಲ್ಲಿಸಿ. ಹಳೆಯ ವೆಬ್‌ಹುಕ್ (ಟೆಲಿಗ್ರಾಮ್ ತಾನೇ ಸಂದೇಶ ಕಳಿಸಲೆಂದು ಕೊಟ್ಟ ವಿಳಾಸ) ಉಳಿದಿದ್ದರೂ ಹೀಗೇ ಆಗುತ್ತದೆ, ಅದನ್ನು ಅಳಿಸಿ.