ಲಾರಿ ಓಡಿಸುತ್ತಾ ಪದ ಕಟ್ಟಲಾದೀತೆ? ಚಿಂತಾಮಣಿಯ ತಮ್ಮನಿಗೆ ಉತ್ತರ

ತಮ್ಮಾ,

ಕೆನಡಾದಲ್ಲಿ ಟೊರಾಂಟೊ ಪಕ್ಕದ ಬ್ರಾಂಪ್ಟನ್ನಿಗೆ ಬಂದು ಎಜೆಡ್ ಲೈಸೆನ್ಸಿನ (ಟ್ರೇಲರ್ ಎಳೆಯೋ ದೊಡ್ಡ ಲಾರಿಗೆ ಬೇಕಾದ್ದು) ತರಬೇತಿಗೆ ಸೇರಿದ್ದೀಯ ಅಂತ ತಿಳಿದು ಸಂತೋಷ ಆಯಿತು. ಚಿಂತಾಮಣಿ ಮಂಡಿಯಿಂದ ಟೊಮೆಟೊ ಹೇರಿಕೊಂಡು ರಾಜ್ಯದಾಚೆಗೆ ಹತ್ತು ಚಕ್ರದ ಲಾರಿ ಓಡಿಸಿದವನಿಗೆ ಸ್ಟಿಯರಿಂಗಿನ ಭಯ ಇರೋದಿಲ್ಲ. ನೀನು ಕೇಳಿರೋದು ಬೇರೆಯೇ. "ಅಣ್ಣಾ, ಇಲ್ಲಿ ಲಾಂಗ್ ಹಾಲ್, ಅಂದರೆ ದಿನಗಟ್ಟಲೆಯ ದೂರದ ಲೋಡು, ಓಡಿಸಿದರೆ ತಲೆ ತೆರೆದುಕೊಳ್ಳುತ್ತೆ, ಹೊಸ ಯೋಚನೆ ಬರುತ್ತೆ, ಮೈಯಲ್ಲಿ ಹುರುಪು ತುಂಬುತ್ತೆ ಅಂತಾರೆ, ನಿಜವಾ? ನಾನು ತತ್ವಪದ ಬರೀತೀನಿ. ಕೈವಾರದ ತಾತಯ್ಯನವರೂ ಬಳೆ ಮಲಾರ ಹೊತ್ತು ಊರೂರು ತಿರುಗಿದವರೇ ಅಲ್ವಾ? ಇಲ್ಲಿ ನನ್ನ ಪದ ಉಳಿಯುತ್ತಾ?" ಜೊತೆಗೆ ಸಂಬಳ, ಚಳಿ, ಊಟ, ಊರಿಂದ ಹಾರ್ಮೋನಿಯಂ ತರಿಸಬಹುದಾ ಅನ್ನೋದು.

ನಾನು ಶ್ರೀನಿವಾಸಪುರದಿಂದ ಬಂದು ಇಳಿದಿದ್ದು ಜನವರಿಯಲ್ಲಿ. ಸಿಕ್ಕವರೆಲ್ಲ ಮೈಲಿ ಲೆಕ್ಕ ಹೇಳಿಕೊಟ್ಟರು, ನಿದ್ದೆಯ ಲೆಕ್ಕ ಯಾರೂ ಹೇಳಲಿಲ್ಲ. ಅದಕ್ಕೇ ಅದನ್ನ ಉದ್ದಕ್ಕೆ ಬರೀತೀನಿ, ಮಿಕ್ಕಿದ್ದು ಚುಟುಕಾಗಿ.

ಸಂಬಳ ಮೈಲಿ ಲೆಕ್ಕ. ಲೋಡಿಗೆ ಕಾಯೋ ಹೊತ್ತಿಗೆ ಕಾಸು ಕೊಡ್ತಾರಾ ಅನ್ನೋದನ್ನ ಸೇರೋಕೆ ಮುಂಚೆಯೇ ಬರಹದಲ್ಲಿ ತಗೋ. "ನಿನ್ನ ಹೆಸರಲ್ಲೇ ಒಂದು ಕಂಪನಿ ತೆಗಿ, ಅದಕ್ಕೆ ಚೆಕ್ ಕೊಡ್ತೀವಿ" ಅನ್ನೋರ ಬಾಗಿಲಿಗೆ ಹೋಗಬೇಡ. ಇಲ್ಲಿ ಅದಕ್ಕೆ ಡ್ರೈವರ್ ಇಂಕ್ ಅಂತಾರೆ. ಕೈಗೆ ಜಾಸ್ತಿ ಬಂದ ಹಾಗೆ ಕಾಣುತ್ತೆ, ಆದರೆ ರಜೆಯ ಸಂಬಳ, ಕೆಲಸ ಹೋದರೆ ಬರೋ ವಿಮೆ, ಪೆಟ್ಟಾದರೆ ಬರೋ ಪರಿಹಾರ ಎಲ್ಲ ಕೈಬಿಟ್ಟು ಹೋಗುತ್ತೆ. ಟಿ-4 ಸ್ಲಿಪ್, ಅಂದರೆ ನೌಕರನಿಗೆ ಕೊಡೋ ಸಂಬಳದ ಚೀಟಿ, ಕೊಡೋ ಕಡೆಯೇ ಸೇರು. ಚಳಿ ಮೈಗೆ ಅಭ್ಯಾಸ ಆಗುತ್ತೆ. ಡೀಸೆಲ್ಲಿನದ್ದೇ ಯೋಚನೆ: ಮೈನಸ್ 30ರ ಹತ್ತಿರ ಅದು ಮೇಣದ ಹಾಗಾಗಿ ಫಿಲ್ಟರ್ ಕಟ್ಟಿಕೊಳ್ಳುತ್ತೆ. ಹಾಗಾಗದಂತೆ ತಡೆಯೋ ಆಂಟಿ-ಜೆಲ್ ದ್ರವವನ್ನ ಟ್ಯಾಂಕ್ ತುಂಬಿಸುವಾಗಲೇ, ಚಳಿ ಬೀಳೋಕೆ ಮುಂಚೆ ಹಾಕಬೇಕು. ಒಮ್ಮೆ ಗಟ್ಟಿಯಾದ ಮೇಲೆ ಸುರಿದರೆ ಅದು ಬೆರೆಯೋದೇ ಇಲ್ಲ.

ಈಗ ಪದದ ವಿಷಯ. ರಸ್ತೆಯಲ್ಲಿ ತಲೆ ತೆರೆದುಕೊಳ್ಳೋದು ನಿಜ. ನಮ್ಮ ಅಜ್ಜಿಯರು ರಾಗಿ ಬೀಸುತ್ತಾ ಪದ ಕಟ್ಟಿದ್ದು ಹೇಗೆ ಅಂತ ಯೋಚಿಸು. ಕೈಗೊಂದು ಕೆಲಸ, ಆ ಕೆಲಸಕ್ಕೊಂದು ಲಯ, ತಲೆಗೆ ಬಿಡುವು. 2012ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾ ವಿಶ್ವವಿದ್ಯಾಲಯದವರು ಇದನ್ನೇ ಪರೀಕ್ಷೆ ಮಾಡಿ ನೋಡಿದರು. ಒಂದು ಪ್ರಶ್ನೆ ಕೊಟ್ಟು, ನಡುವೆ ಕೆಲವರಿಗೆ ಸುಲಭದ ಕೆಲಸ, ಕೆಲವರಿಗೆ ಕಷ್ಟದ ಕೆಲಸ, ಕೆಲವರಿಗೆ ಬರೀ ವಿಶ್ರಾಂತಿ ಕೊಟ್ಟು, ಮತ್ತೆ ಅದೇ ಪ್ರಶ್ನೆಗೆ ಕೂರಿಸಿದರು. ಸುಲಭದ ಕೆಲಸ ಮಾಡಿದವರಿಗೇ ಹೆಚ್ಚು ಹೊಸ ಉತ್ತರ ಹೊಳೆದಿತ್ತು. ಆದರೆ ಮೊದಲೇ ನೋಡಿದ್ದ ಪ್ರಶ್ನೆಗೆ ಮಾತ್ರ, ಹೊಸ ಪ್ರಶ್ನೆಗೆ ಆ ಲಾಭ ಇರಲಿಲ್ಲ. ನಿನಗೆ ಉಪಯೋಗಕ್ಕೆ ಬರೋದು ಈ ಕೊನೆಯ ಮಾತೇ. ಬರಿದಾದ ತಲೆಯಲ್ಲಿ ಹೊರಟರೆ 800 ಕಿಲೋಮೀಟರ್ ಬರಿದಾಗಿಯೇ ಹೋಗುತ್ತೆ. ಗಾಡಿ ಹತ್ತೋ ಮುಂಚೆ ಅರ್ಧ ಬರೆದ ಪದವನ್ನ ಎರಡು ಸಲ ಗಟ್ಟಿಯಾಗಿ ಓದು. ಎಲ್ಲಿ ಪ್ರಾಸ ಸಿಗ್ತಿಲ್ಲ, ಎರಡನೇ ಚರಣ ಯಾಕೆ ಕುಂಟುತ್ತೆ ಅನ್ನೋದನ್ನ ಸ್ಪಷ್ಟ ಮಾಡಿಕೊಂಡು ಕೀಲಿ ತಿರುಗಿಸು. ಹೊರಟ ಮೊದಲ ಎರಡು ಗಂಟೆ ರೇಡಿಯೋ, ಹಾಡು, ಫೋನು ಯಾವುದೂ ಬೇಡ.

ಕೆಲಸ ಸುಲಭ ಆಗಿರಬೇಕು ಅಂದೆನಲ್ಲ, ಮೊದಲ ಆರು ತಿಂಗಳು ಅದು ಸುಲಭ ಇರೋದಿಲ್ಲ. 53 ಅಡಿ ಟ್ರೇಲರನ್ನ ಹಿಮ್ಮುಖವಾಗಿ ಡಾಕಿಗೆ (ಸರಕು ಇಳಿಸೋ ಕಟ್ಟೆಗೆ) ಕೂರಿಸೋದು, ರಸ್ತೆಯ ಬಲಗಡೆ ಓಡಿಸೋದು, ತೂಕದ ಕೇಂದ್ರಗಳು, ಇವೆಲ್ಲ ಕೈಗೆ ಇಳಿಯೋವರೆಗೂ ತಲೆ ಪೂರ್ತಿ ಅಲ್ಲೇ ಇರಬೇಕು. ಆ ಆರು ತಿಂಗಳು ಒಂದು ಪಲ್ಲವಿಯೂ ಹುಟ್ಟದಿದ್ದರೆ ಕಂಗಾಲಾಗಬೇಡ. ಆಮೇಲೂ ಎಲ್ಲ ರಸ್ತೆ ಒಂದೇ ಅಲ್ಲ. ಟೊರಾಂಟೊದಿಂದ ವಿನ್ನಿಪೆಗ್ಗಿಗೆ ಸುಮಾರು 2,200 ಕಿ.ಮೀ. ಅದರಲ್ಲಿ ಸುಪೀರಿಯರ್ ಸರೋವರದ ಮೇಲ್ಭಾಗದ 17ನೇ ಹೆದ್ದಾರಿ ಬಹುಪಾಲು ಒಂದೊಂದೇ ಲೇನು, ತಿರುವು, ಏರಿಳಿತ, ಮುಸ್ಸಂಜೆಯಲ್ಲಿ ರಸ್ತೆಗೆ ಬರೋ ಮೂಸ್ ಅನ್ನೋ ಭಾರಿ ಗಾತ್ರದ ಜಿಂಕೆ. ಅದರ ಮೈ ಕಪ್ಪು, ಕಾಲು ಉದ್ದ, ಹೆಡ್‌ಲೈಟಿಗೆ ಕಣ್ಣು ಹೊಳೆಯೋದು ಸಿಗೋದೇ ಕಷ್ಟ. ಅಲ್ಲಿ ಪದ ಬೇಡ. ವಿನ್ನಿಪೆಗ್ ದಾಟಿ ಪಶ್ಚಿಮಕ್ಕೆ ಹೊರಟರೆ ರಸ್ತೆ ಎರಡಾಗಿ ಒಡೆಯುತ್ತೆ, ನೇರ, ಬಯಲು. ಒಣ ರಸ್ತೆ, ಹಗಲು, ಹಗುರ ಗಾಳಿ ಇದ್ದರೆ ಅಲ್ಲಿ ಮನಸ್ಸನ್ನ ಸಡಿಲ ಬಿಡಬಹುದು. ಹಿಮ ಬೀಳೋ ದಿನ ಎಲ್ಲಿಯೂ ಬೇಡ.

ಹುರುಪು ರಸ್ತೆ ಕೊಡೋದಲ್ಲ ತಮ್ಮಾ, ಗಡಿಯಾರ ಕೊಡೋದು. ಕೆನಡಾದಲ್ಲಿ 60ನೇ ಅಕ್ಷಾಂಶದ ಕೆಳಗೆ ದಿನಕ್ಕೆ 13 ಗಂಟೆ ಓಡಿಸಬಹುದು, ಎಲ್ಲ ಸೇರಿ 14 ಗಂಟೆ ಕೆಲಸ, ಕೆಲಸ ಶುರುವಾಗಿ 16 ಗಂಟೆ ದಾಟಿದರೆ ಓಡಿಸುವಂತಿಲ್ಲ. ದಿನಕ್ಕೆ 10 ಗಂಟೆ ಬಿಡುವು, ಅದರಲ್ಲಿ 8 ಒಟ್ಟಿಗೇ ಇರಬೇಕು. ಅಮೆರಿಕಕ್ಕೆ ದಾಟಿದರೆ 11 ಗಂಟೆ ಓಡಿಸೋದು, 10 ಗಂಟೆ ಬಿಡುವು, 8 ಗಂಟೆ ಓಡಿಸಿದ ಮೇಲೆ ಅರ್ಧ ಗಂಟೆ ನಿಲುಗಡೆ. ಎಲ್ಲವೂ ಗಾಡಿಗೆ ಜೋಡಿಸಿದ ಇ.ಎಲ್.ಡಿ. ಅನ್ನೋ ಲಾಗ್ ಯಂತ್ರದಲ್ಲಿ ತಾನಾಗಿ ದಾಖಲಾಗುತ್ತೆ, ನಮ್ಮೂರಿನ ಟ್ರಿಪ್ ಶೀಟಿನ ಹಾಗೆ ಸಂಜೆ ಕೂತು ತುಂಬಿಸೋದಲ್ಲ.

ಮೋಸ ಹೋಗೋದು ಇಲ್ಲೇ. ಅಮೆರಿಕದ ಲೆಕ್ಕದಲ್ಲಿ 11 ಮತ್ತು 10 ಕೂಡಿ, ಅರ್ಧ ಗಂಟೆ ನಿಲುಗಡೆ, ತಪಾಸಣೆ ಸೇರಿಸಿದರೂ ಸುಮಾರು 22 ಗಂಟೆ. ದಿನಕ್ಕಿರೋದು 24. ಪೂರ್ತಿ ಹಿಂಡಿ ಓಡಿಸೋಣ ಅಂತ ಹೊರಟರೆ ಶುರುವಾಗೋ ಹೊತ್ತು ದಿನಾ ಎರಡು ಗಂಟೆ ಹಿಂದಕ್ಕೆ ಸರಿಯುತ್ತೆ: ಸೋಮವಾರ ಬೆಳಿಗ್ಗೆ 6, ಮಂಗಳವಾರ 4, ಬುಧವಾರ 2, ಆಮೇಲೆ ನಡುರಾತ್ರಿ 12. ನಾಲ್ಕನೇ ದಿನ ಊರೆಲ್ಲ ಮಲಗಿರುವಾಗ ನೀನು ಎದ್ದು ಹೊರಡ್ತೀಯ. ನಿಯಮ ಮುರಿದಿಲ್ಲ, 10 ಗಂಟೆ ಬಿಡುವೂ ಆಗಿದೆ, ಆದರೂ ಮೈ ಸತ್ತಂತಿರುತ್ತೆ. ಯಾಕೆಂದರೆ ಸಂಜೆ ನಾಲ್ಕಕ್ಕೆ ಮಲಗು ಅಂದರೆ ದೇಹ ಮಲಗೋದಿಲ್ಲ. ಅದಕ್ಕೇ ದಿನಾ ಒಂದೇ ಹೊತ್ತಿಗೆ ಹೊರಡು. ಬೆಳಿಗ್ಗೆ 5ಕ್ಕೆ ಅಂದರೆ 5ಕ್ಕೇ. ಉಳಿಯೋ ಎರಡು ಗಂಟೆ ಪೋಲಲ್ಲ, ಪದ ಬರೆಯೋಕೆ ಇರೋ ಹೊತ್ತೇ ಅದು. ಲೋಡು ಹಂಚೋ ಡಿಸ್ಪ್ಯಾಚರ್ ಗೊಣಗಿದರೆ, ಲೋಡು ಹೇಳಿದ ಹೊತ್ತಿಗೆ ತಲುಪುತ್ತಾ ಇಲ್ಲವಾ ಅಷ್ಟೇ ಕೇಳಿ ಅನ್ನು. ಪಶ್ಚಿಮಕ್ಕೆ ಹೋದಾಗ ಊರ ಗಡಿಯಾರ ಒಂದೊಂದು ಗಂಟೆ ಹಿಂದೆ ಹೋಗುತ್ತೆ, ನಿನ್ನ ಲಾಗ್ ಮಾತ್ರ ಕಂಪನಿಯಲ್ಲಿ ನಿನ್ನ ನೆಲೆಯಾದ ಊರಿನ ಹೊತ್ತಿನಲ್ಲೇ ಇರುತ್ತೆ. ನಿದ್ದೆಯೂ ಲಾಗಿನ ಹೊತ್ತಿಗೇ ಇರಲಿ.

ಟ್ರಕ್ ಸ್ಟಾಪಿನಲ್ಲಿ ಸಂಜೆ ಆರರ ಮೇಲೆ ಜಾಗ ಸಿಗೋದು ಕಷ್ಟ. ಬೇಗ ನಿಲ್ಲಿಸಿದರೆ ಅಂಚಿನ ಜಾಗ ಸಿಗುತ್ತೆ. ಫ್ರಿಜ್ ಟ್ರೇಲರಿನ ಪಕ್ಕ ನಿಲ್ಲಿಸಬೇಡ, ಅದರ ಎಂಜಿನ್ ರಾತ್ರಿಯೆಲ್ಲ ನಿಂತು ನಿಂತು ಶುರುವಾಗುತ್ತೆ, ಪ್ರತಿ ಸಲ ನಿದ್ದೆ ಮೇಲೇಳುತ್ತೆ. ಬಂಕಿನ (ಸೀಟಿನ ಹಿಂದಿನ ಮಲಗೋ ಜಾಗದ) ಹೀಟರನ್ನ 18 ಡಿಗ್ರಿಗಿಟ್ಟು ಹೊದ್ದು ಮಲಗು. ಕ್ಯಾಬನ್ನ ಬೆಚ್ಚಗೆ ಬೇಯಿಸಿದರೆ ನಿದ್ದೆ ಆಳಕ್ಕೆ ಇಳಿಯೋದಿಲ್ಲ. ಎದ್ದ ತಕ್ಷಣ ಗಾಡಿ ತೆಗೀಬೇಡ, ಮಂಕು ಹೋಗೋಕೆ ಹದಿನೈದು ಇಪ್ಪತ್ತು ನಿಮಿಷ ಬೇಕು. ಸರ್ಕಲ್ ಚೆಕ್ಕನ್ನ, ಅಂದರೆ ಗಾಡಿ ಸುತ್ತಿ ನೋಡೋ ತಪಾಸಣೆಯನ್ನ, ಆಗಲೇ ಮಾಡು. ರಾತ್ರಿ 9ಕ್ಕೆ ಮಲಗೋನು ಮಧ್ಯಾಹ್ನ 2ರ ಮೇಲೆ ಕಾಫಿ ಕುಡಿಯಬಾರದು, ಐದು ಗಂಟೆ ಆದರೂ ಅದರ ಕೆಫೀನು ಅರ್ಧ ಮೈಯಲ್ಲೇ ಇರುತ್ತೆ. ಮಧ್ಯಾಹ್ನ ಎರಡರೊಳಗೆ ತೂಕಡಿಕೆ ಬಂದರೆ ಒಂದು ಲೋಟ ಕಾಫಿ ಕುಡಿದು ಕೂಡಲೇ 20 ನಿಮಿಷ ಮಲಗು. ಕಾಫಿ ಮೈಗೆ ಹತ್ತೋ ಹೊತ್ತಿಗೆ ನಿದ್ದೆ ಮುಗಿದಿರುತ್ತೆ.

ಇನ್ನು ನಾನು ಎಲ್ಲಕ್ಕಿಂತ ಒತ್ತಿ ಹೇಳಬೇಕಾದ್ದು. ರಾತ್ರಿ ಎರಡರಿಂದ ಐದರ ನಡುವೆ ದೇಹ ತಾನಾಗಿ ಕೆಳಗಿಳಿಯುತ್ತೆ. ಆ ಹೊತ್ತಲ್ಲಿ ಓಡಿಸ್ತಿದ್ದರೆ ಒಂದು ವಿಚಿತ್ರ ನಡೆಯುತ್ತೆ: ಸಾಲುಗಳು ಪುಂಖಾನುಪುಂಖವಾಗಿ ಬರೋಕೆ ಶುರುವಾಗುತ್ತೆ. ಸಂಬಂಧ ಇಲ್ಲದ ಎರಡು ಮಾತು ಬಂದು ಜೊತೆಯಾಗುತ್ತೆ, ಎಲ್ಲವೂ ಅದ್ಭುತ ಅನಿಸುತ್ತೆ. ಪದ ಬರೆಯೋನಿಗೆ ಇದಕ್ಕಿಂತ ದೊಡ್ಡ ಆಮಿಷ ಇಲ್ಲ. ಅದು ಕವಿತ್ವ ಅಲ್ಲ ತಮ್ಮಾ, ನಿದ್ದೆಯ ಮೊದಲ ಮೆಟ್ಟಿಲು. ನಿದ್ದೆಗೆ ಜಾರೋ ಮುಂಚೆ ಎಲ್ಲರ ತಲೆಯಲ್ಲೂ ಚಿತ್ರ, ಮಾತು ಹಾಗೇ ಕಲಸಿಕೊಳ್ಳುತ್ತೆ. ಮುಂದಿನದು ಕಣ್ಣು ತೆರೆದೇ ಬರೋ ಮೂರು ನಾಲ್ಕು ಸೆಕೆಂಡಿನ ನಿದ್ದೆ. 100 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ 28 ಮೀಟರ್. ನಾಲ್ಕು ಸೆಕೆಂಡಿಗೆ ನೂರು ಮೀಟರಿನ ಮೇಲೆ ಗಾಡಿ ಯಾರ ಕೈಯಲ್ಲೂ ಇರೋದಿಲ್ಲ.

ಎರಡನ್ನೂ ಬೇರೆ ಮಾಡಿ ಗುರುತಿಸೋಕೆ ದಾರಿ ಇದೆ. ಈಗಷ್ಟೇ ಹೊಳೆದ ಚರಣವನ್ನ ಮೊದಲಿಂದ ಕೊನೆವರೆಗೆ, ತಾಳ ತಪ್ಪದೆ, ಬಾಯಿಬಿಟ್ಟು ಹಾಡು. ಎಚ್ಚರದಲ್ಲಿ ಕಟ್ಟಿದ್ದಾದರೆ ನಾಲ್ಕೂ ಸಾಲು ಬರುತ್ತೆ. ಮೂರನೇ ಸಾಲಿಗೆ ಮಾತು ಕೈಕೊಟ್ಟರೆ, ಅಥವಾ ಹಿಂದೆ ಹೋದ ಊರಿನ ಬೋರ್ಡ್ ನೋಡಿದ ನೆನಪೇ ಇಲ್ಲದಿದ್ದರೆ, ಅಥವಾ ಚಕ್ರ ಅಂಚಿನ ಗೀರುಗಳ ಮೇಲೆ ಹತ್ತಿ ಗರ್ ಅಂದರೆ, ಮುಂದಿನ ನಿಲುಗಡೆಯಲ್ಲೇ ನಿಲ್ಲಿಸಿ ಮಲಗು. ಕಿಟಕಿ ಇಳಿಸೋದು, ಹಾಡು ಜೋರು ಮಾಡೋದು, ಕೆನ್ನೆಗೆ ಹೊಡ್ಕೊಳ್ಳೋದು ಯಾವುದರ ಗುಣವೂ ಹೆಚ್ಚು ಹೊತ್ತು ನಿಲ್ಲೋದಿಲ್ಲ. 17 ಗಂಟೆ ಎಚ್ಚರ ಇದ್ದವನ ಕೈಕಣ್ಣು ರಕ್ತದಲ್ಲಿ ಶೇಕಡ 0.05 ಮದ್ಯ ಇರೋನಷ್ಟೇ ಕೆಲಸ ಮಾಡುತ್ತೆ ಅಂತ ಆಸ್ಟ್ರೇಲಿಯಾದಲ್ಲಿ 1997ರಲ್ಲೇ ಅಳೆದು ತೋರಿಸಿದ್ದಾರೆ. ಒಂಟಾರಿಯೋದಲ್ಲಿ ಟ್ರಕ್ ಚಾಲಕನಿಗೆ ಒಪ್ಪಿಗೆ ಇರೋ ಮದ್ಯ ಸೊನ್ನೆ. ನಿದ್ದೆಗೂ ಅದೇ ಲೆಕ್ಕ ಹಿಡಿ.

ಬರೆದುಕೊಳ್ಳೋದು ಹೇಗೆ ಅಂದರೆ, ಓಡುವಾಗ ಬೇಡವೇ ಬೇಡ. ಒಂಟಾರಿಯೋದಲ್ಲಿ ಫೋನು ಕೈಯಲ್ಲಿ ಹಿಡಿದು ಸಿಕ್ಕಿ ತಪ್ಪು ಸಾಬೀತಾದರೆ ಮೊದಲ ಸಲಕ್ಕೇ ಮೂರು ದಿನ ಲೈಸೆನ್ಸ್ ಅಮಾನತು, ಮೇಲೆ ದಂಡ. ಪದಕ್ಕೆ ತಾಳ, ಪ್ರಾಸ ಇರೋದೇ ನೆನಪಿಗಾಗಿ, ಅದನ್ನ ನಂಬು. ಹಗ್ಗ, ಪಟ್ಟಿ ಬಿಗಿದ ಲೋಡನ್ನ ಮೊದಲ 80 ಕಿ.ಮೀ. ಒಳಗೆ ಒಮ್ಮೆ, ಆಮೇಲೆ ಮೂರು ಗಂಟೆ ಇಲ್ಲ 240 ಕಿ.ಮೀ.ಗೆ ಒಮ್ಮೆ ಇಳಿದು ನೋಡಬೇಕು ಅನ್ನೋದು ನಿಯಮ. ಸೀಲ್ ಹಾಕಿದ ಮುಚ್ಚು ಟ್ರೇಲರ್ ಎಳೆದರೂ ಇದೇ ಲೆಕ್ಕಕ್ಕೆ ನಿಲ್ಲು. ಐದು ನಿಮಿಷ ಗಾಡಿ ಸುತ್ತ ನಡೆದು ಚಕ್ರ, ದೀಪ ನೋಡು, ಐದು ನಿಮಿಷ ಬರಿ. ಪೆನ್ಸಿಲ್ ಇಟ್ಟುಕೋ, ಚಳಿಗೆ ಪೆನ್ನಿನ ಶಾಯಿ ಹರಿಯೋದಿಲ್ಲ. ಕ್ಯಾಬಿನಿಂದ ಧುಮುಕಬೇಡ. ಗಾಡಿ ಕಡೆ ಮುಖ ಮಾಡಿ, ಎರಡು ಕೈ ಒಂದು ಕಾಲು ಇಲ್ಲ ಎರಡು ಕಾಲು ಒಂದು ಕೈ ಊರಿಯೇ ಇಳಿ. ಮಂಡಿ ಹೋದರೆ ಪದ್ಮಾಸನ ಹಾಕಿ ಭಜನೆಗೆ ಕೂರೋದೂ ಹೋಯಿತು.

ಊಟಕ್ಕೆ ರಾಗಿ ಹಿಟ್ಟು ಬ್ರಾಂಪ್ಟನ್ನಿನ ನಮ್ಮವರ ಅಂಗಡಿಗಳಲ್ಲಿ ಸಿಗುತ್ತೆ. ಚಿಕ್ಕ ಕುಕ್ಕರನ್ನ ಸಿಗರೇಟ್ ಲೈಟರ್ ಪ್ಲಗ್ಗಿಗೆ ಸಿಕ್ಕಿಸಬೇಡ. ಅದು ತಡೆಯೋದು 180 ವಾಟ್ ಅಷ್ಟೇ, ಫ್ಯೂಸ್ ಹಾರುತ್ತೆ. ಬ್ಯಾಟರಿಗೆ ನೇರವಾಗಿ ದಪ್ಪ ವೈರಿನಲ್ಲಿ 1,500 ವಾಟಿನ ಇನ್ವರ್ಟರ್ ಹಾಕಿಸು, ಎಂಜಿನ್ ಓಡುವಾಗಲೇ ಬೇಯಿಸು. ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರು. ಮಧ್ಯಾಹ್ನ ಒಂದರಿಂದ ಮೂರು ಹೇಗೂ ಮಂಪರಿನ ಹೊತ್ತು, ಆಗ ಅರ್ಧ ಮುದ್ದೆ ಸಾಕು. ಪೂರ್ತಿ ಮುದ್ದೆ, ಹುರುಳಿ ಬಸ್ಸಾರು ಎಲ್ಲ ಗಾಡಿ ನಿಲ್ಲಿಸಿದ ಮೇಲೆ. ಅಮೆರಿಕದ ಗಡಿಯಲ್ಲಿ ಡಬ್ಬಿಯಲ್ಲಿ ಏನಿದೆ ಅಂತ ಕೇಳಿದರೆ ಇದ್ದದ್ದು ಇದ್ದ ಹಾಗೆ ಹೇಳು.

ಇಷ್ಟೆಲ್ಲ ಸರಿ ಮಾಡಿಕೊಂಡರೂ ಒಂದು ಕೊರಗು ಉಳಿಯುತ್ತೆ. ನಮ್ಮ ಕಡೆ ಪದ ಅನ್ನೋದು ಒಬ್ಬನದಲ್ಲ. ಮುಂದಿನೋನು ಎತ್ತಿಕೊಟ್ಟರೆ ಹಿಂದಿನೋರು ತಿರುಗಿಸಿ ಹಾಡ್ತಾರೆ, ನಾಲಿಗೆಗೆ ತೊಡರೋ ಮಾತು ಮೂರು ಶನಿವಾರದ ಭಜನೆಯಲ್ಲಿ ತಾನೇ ಉದುರಿ ಹೋಗುತ್ತೆ. ಕ್ಯಾಬಿನಲ್ಲಿ ತಿರುಗಿಸಿ ಹಾಡೋರಿಲ್ಲ. ಪಕ್ಕದಲ್ಲಿ ಕ್ಲೀನರ್ ಹುಡುಗನಿಲ್ಲ, "ಅಣ್ಣಾ ಅದೇನಂದ್ರಿ, ಇನ್ನೊಂದ್ಸಲ ಅನ್ನಿ" ಅನ್ನೋರಿಲ್ಲ. ಕೈವಾರದ ಗುರುಪೂರ್ಣಿಮೆ ಸಂಗೀತೋತ್ಸವ ಬರೋದು ಇಲ್ಲಿ ಕೆಲಸ ಬಿಗಿಯಾಗಿರೋ ಬೇಸಿಗೆಯಲ್ಲಿ. ಹೀಗೆ ಒಂಟಿಯಾಗಿ ಕಟ್ಟಿದ ಪದದಲ್ಲಿ ಅರ್ಥ ಇರುತ್ತೆ, ಆದರೆ ನಮ್ಮ ತೆಲುಗು ಬೆರೆತ ಕನ್ನಡದ ಎಳೆತ ಕಮ್ಮಿಯಾಗ್ತಾ ಪುಸ್ತಕದ ಮಾತು ಸೇರಿಕೊಳ್ಳುತ್ತೆ. ಇದು ನನ್ನನ್ನ ಇವತ್ತಿಗೂ ಕಾಡುತ್ತೆ. ಅದಕ್ಕೇ ಮೊದಲಿಂದಲೇ ಒಂದು ರೂಢಿ ಇಟ್ಟುಕೋ: ವಾರಕ್ಕೊಂದು ಪದ ಹಾಡಿ ಊರಿನ ಭಜನೆ ಮನೆಗೆ ವಾಟ್ಸಾಪ್ ಮಾಡು. ತಿದ್ದಿ ಅನ್ನಬೇಡ, ಹಾಡಿ ಕಳಿಸಿ ಅನ್ನು. ಅವರು ಎಲ್ಲಿ ಉಸಿರು ತಗೊಳ್ತಾರೆ, ಯಾವ ಮಾತನ್ನ ತಮಗೆ ತಿಳಿಯದೇ ಬದಲಾಯಿಸ್ತಾರೆ ಅಂತ ಕೇಳಿಸಿಕೋ. ಬದಲಾಯಿಸಿದ್ದನ್ನೇ ಇಟ್ಟುಕೋ, ಹೆಚ್ಚುಪಾಲು ಅದೇ ಸರಿ ಇರುತ್ತೆ. ಬೇಸಿಗೆಯಲ್ಲಿ ಟೊರಾಂಟೊ ಊರಿಗಿಂತ ಒಂಬತ್ತೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹತ್ತೂವರೆ. ಇಲ್ಲಿ ರಾತ್ರಿ ಎಂಟಕ್ಕೆ ಗಾಡಿ ನಿಲ್ಲಿಸಿ ಕೂತರೆ ಅಲ್ಲಿ ಬೆಳಗಿನ ಜಾವ, ಭಜನೆಯವರು ಎದ್ದಿರೋ ಹೊತ್ತು.

ಹಾರ್ಮೋನಿಯಂ ತರಿಸಬೇಡ. ನಿಂತ ಗಾಡಿಯಲ್ಲಿ ಮೈನಸ್ 30, ಹೀಟರ್ ಹಾಕಿದರೆ 20, ಈ ಎಳೆದಾಟಕ್ಕೆ ಮರ ಕುಗ್ಗಿ ಸೀಳುತ್ತೆ, ತಿದಿಯ ಅಂಟು ಬಿಡುತ್ತೆ, ಸ್ವರ ಕೆಡುತ್ತೆ. ಸರಿ ಮಾಡೋರು ಇಲ್ಲಿ ಸುಲಭಕ್ಕೆ ಸಿಗೋದಿಲ್ಲ. ಶ್ರುತಿಗೆ ಫೋನಿನ ತಂಬೂರಿ ಆ್ಯಪ್ ಸಾಕು. ಊರಿಂದ ಬರೋರು ಯಾರಾದರೂ ಇದ್ದರೆ ಒಂದು ಜೊತೆ ಕಂಚಿನ ತಾಳ ತರಿಸಿಕೋ, ಬಟ್ಟೆಯಲ್ಲಿ ಸುತ್ತಿ ಬಂಕಿನ ಕೆಳಗೆ ಇಡು.