ರೋಹುಗೆ ಹೇನು ಬಿದ್ದಿದೆ, ಲಸಿಕೆ ಹಾಕಿಸಬಹುದಾ?

ಹೊಂಡದ ರೋಹುಗೆ ಹೇನು ಬಿದ್ದಿದೆ, ನಾರ್ವೆಯಲ್ಲಿ ಸಾಲ್ಮನ್‌ಗೆ ಹಾಕುವ ಹಾಗೆ ನಮ್ಮ ಮೀನಿಗೂ ಲಸಿಕೆ ಹಾಕಿಸಬಹುದಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಆಗಲ್ಲ. ನಾರ್ವೆಯವರು ಚುಚ್ಚುವ ಲಸಿಕೆಯೂ ಹೇನಿಗಲ್ಲ, ಮುಖ್ಯವಾಗಿ ಬ್ಯಾಕ್ಟೀರಿಯಾ ರೋಗಗಳಿಗೆ.

1987ರಲ್ಲಿ ಅಲ್ಲಿ ಸಾಲ್ಮನ್ ಉಳಿಸಿಕೊಳ್ಳಲು ಸುಮಾರು 50 ಟನ್ ಆಂಟಿಬಯೋಟಿಕ್ ಬಳಸಿದ್ದರು. ಆಮೇಲೆ ಎಣ್ಣೆ ಬೆರೆಸಿದ ಲಸಿಕೆ ಬಂತು. ಸಮುದ್ರಕ್ಕೆ ಬಿಡುವ ಮುಂಚೆ ಒಂದೊಂದು ಮರಿಗೂ ಅರಿವಳಿಕೆ ಕೊಟ್ಟು ಹೊಟ್ಟೆಗೆ ಚುಚ್ಚುತ್ತಾರೆ. ಕೆಲವೇ ವರ್ಷಗಳಲ್ಲಿ ಆಂಟಿಬಯೋಟಿಕ್ ಬಳಕೆ ಹತ್ತನೇ ಒಂದು ಭಾಗಕ್ಕಿಂತ ಕೆಳಗಿಳಿಯಿತು, ಅದೂ ಸಾಕಣೆ ಜಾಸ್ತಿಯಾಗುತ್ತಿದ್ದಾಗ! ಆದರೆ ಅದೇ ಸಾಲ್ಮನ್‌ಗೆ ಹೇನಿನ ಕಾಟ ಇವತ್ತಿಗೂ ತಪ್ಪಿಲ್ಲ.

ಬ್ಯಾಕ್ಟೀರಿಯಾ ಮೈಯೊಳಗೆ ನುಗ್ಗುತ್ತದೆ, ಲಸಿಕೆಯಿಂದ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳ (ರೋಗಾಣುವಿನ ವಿರುದ್ಧ ಹೋರಾಡುವ ಪ್ರೋಟೀನ್‌ಗಳ) ಕೈಗೆ ಸಿಗುತ್ತದೆ. ಹೇನು ಹೊರಗೇ ಕೂತು ಬಾಯಿ ಮಾತ್ರ ಒಳಗಿಡುತ್ತದೆ, ಸಾಲ್ಮನ್ ಹೇನಂತೂ ತನ್ನ ಜೊಲ್ಲಿನಿಂದ ಆ ಜಾಗದ ಊತವನ್ನೇ ತಗ್ಗಿಸುತ್ತದೆ. ಇದರಲ್ಲಿ ಜಾತಿಯಿಂದ ಜಾತಿಗೆ ಎಷ್ಟು ವ್ಯತ್ಯಾಸ ನೋಡಿ: ಕೋಹೋ ಸಾಲ್ಮನ್‌ಗೆ ಹೇನು ಕಚ್ಚಿದ ಕಡೆ ಚರ್ಮ ದಪ್ಪಗಾಗಿ, ರಕ್ಷಣಾ ಕೋಶಗಳು ಮುತ್ತಿ, ಕೆಲವು ವಾರಗಳಲ್ಲೇ ಬಹುಪಾಲು ಹೇನು ಉದುರಿಹೋಗುತ್ತವೆ, ನಾರ್ವೆಯಲ್ಲಿ ಸಾಕುವ ಅಟ್ಲಾಂಟಿಕ್ ಸಾಲ್ಮನ್ ಚರ್ಮ ಹಾಗೆ ತಿರುಗಿಬೀಳುವುದೇ ಕಡಿಮೆ.

ನಿಮ್ಮ ಹೊಂಡದ ಹೇನು ಬೇರೆ ಜಾತಿ, ಆರ್ಗ್ಯುಲಸ್. ಮೀನನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಹುರುಪೆಯಂತೆ ಚಪ್ಪಟೆಯಾಗಿ, ಗಾಜಿನಂತೆ ಕಾಣುವ ಚುಕ್ಕೆಗೆ ಎರಡು ಕಪ್ಪು ಕಣ್ಣಿದ್ದು ಅದು ಸರಿದಾಡಿದರೆ ಅದೇ ಹೇನು. ಅದು ಚುಚ್ಚಿದ ಜಾಗ ಕೆಂಪಾಗಿ ಗಾಯವಾಗುತ್ತದೆ, ಏರೋಮೊನಾಸ್‌ನಂಥ ಬ್ಯಾಕ್ಟೀರಿಯಾ ಅಲ್ಲಿಂದ ಒಳಹೋಗುತ್ತದೆ. ಎಷ್ಟೋ ಸಲ ಮೀನನ್ನು ಕೊಲ್ಲುವುದು ಈ ಬ್ಯಾಕ್ಟೀರಿಯಾವೇ.

ಔಷಧಿ ಮೈಮೇಲಿನ ಹೇನನ್ನು ಕೊಂದರೂ ಮೊಟ್ಟೆಗೆ ಸಾಮಾನ್ಯವಾಗಿ ಏನೂ ಆಗಲ್ಲ. ಹೆಣ್ಣು ಹೇನು ಮೀನು ಬಿಟ್ಟು ಹೋಗಿ ಕಲ್ಲು, ಬಿದಿರು, ಪೈಪಿನ ಮೇಲೆ ಸಾಲಾಗಿ ಮೊಟ್ಟೆ ಅಂಟಿಸುತ್ತದೆ. ನೀರಲ್ಲಿ ಹಲಗೆ ಇಳಿಬಿಡಿ, ವಾರಕ್ಕೊಮ್ಮೆ ಎತ್ತಿ ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ. ನಮ್ಮ ಬಿಸಿ ನೀರಲ್ಲಿ ಎರಡು ಮೂರು ವಾರಕ್ಕೆ ಮರಿ ಬರುವುದರಿಂದ ಒಂದೇ ಸಲ ಔಷಧಿ ಹಾಕಿ ಸುಮ್ಮನಾದರೆ ಪ್ರಯೋಜನವಿಲ್ಲ. ಹೊಲಕ್ಕೆ ಹೊಡೆಯುವ ಕೀಟನಾಶಕವನ್ನು ಅಂದಾಜಿಗೆ ಸುರಿಯಬೇಡಿ, ದಯವಿಟ್ಟು, ಮೀನೇ ಸಾಯುತ್ತದೆ. ತಾಲ್ಲೂಕಿನ ಮೀನುಗಾರಿಕೆ ಇಲಾಖೆಯಲ್ಲಿ ಪ್ರಮಾಣ ಕೇಳಿ. ಪದೇ ಪದೇ ಬಲೆ ಎಳೆಯುವುದೂ ಬೇಡ, ಆ ಒತ್ತಡಕ್ಕೆ ಕಾರ್ಟಿಸಾಲ್ ಎಂಬ ಹಾರ್ಮೋನ್ ಏರಿ ಇರುವ ರೋಗನಿರೋಧಕ ಶಕ್ತಿಯೂ ಕುಗ್ಗುತ್ತದೆ.

ಹೊಸ ಮರಿ ಎಲ್ಲಿಂದ ತಂದಿರಿ, ಬೇರೆ ಇಟ್ಟು ನೋಡಿದ್ದಿರಾ? ಅದನ್ನೂ ಬರೆಯಿರಿ.