ಬೇಸ್‌ಬಾಲ್‌ನಲ್ಲಿ ‘ಶಟೌಟ್’ ಎಂದರೇನು? ಒಬ್ಬನೇ ಪಿಚರ್ (ಬ್ಯಾಟರ್‌ಗೆ ಚೆಂಡೆಸೆಯುವ ಆಟಗಾರ) ಪಂದ್ಯ ಗೆಲ್ಲಿಸಬಲ್ಲನೇ?

ಎದುರಾಳಿಗೆ ಒಂದೂ ರನ್ ಬಿಟ್ಟುಕೊಡದೆ ಇಡೀ ಪಂದ್ಯವನ್ನು ಒಬ್ಬನೇ ಪಿಚರ್ ಎಸೆದು ಮುಗಿಸಿದರೆ ಅದು ಅವನ ಶಟೌಟ್. ಗೆಲ್ಲಲು ಮಾತ್ರ ತಂಡ ಒಂದು ರನ್ನನ್ನಾದರೂ ಗಳಿಸಿಕೊಡಬೇಕು.

ನನ್ನ ಮಟ್ಟಿಗೆ ಇದಕ್ಕೆ 1991ರ ವರ್ಲ್ಡ್ ಸೀರೀಸ್‌ನ (ಅಮೆರಿಕದ ಬೇಸ್‌ಬಾಲ್ ಲೀಗ್‌ನ ಅಂತಿಮ ಸರಣಿ) ನಿರ್ಣಾಯಕ ಏಳನೆಯ ಪಂದ್ಯಕ್ಕಿಂತ ದೊಡ್ಡ ಉದಾಹರಣೆಯಿಲ್ಲ. ಮಿನೆಸೋಟ ಟ್ವಿನ್ಸ್‌ನ 36 ವರ್ಷದ ಜ್ಯಾಕ್ ಮಾರಿಸ್, ಅಟ್ಲಾಂಟಾ ಬ್ರೇವ್ಸ್ ತಂಡವನ್ನು ಹತ್ತು ಇನಿಂಗ್ಸ್ ಸೊನ್ನೆಯಲ್ಲೇ ಕಟ್ಟಿಹಾಕಿದರು. ಎಂಟನೆಯ ಇನಿಂಗ್ಸ್‌ನಲ್ಲಿ ಮೂರೂ ಬೇಸ್‌ಗಳಲ್ಲಿ (ರನ್‌ಗಾಗಿ ದಾಟಬೇಕಾದ ನಿಲ್ದಾಣಗಳು) ಬ್ರೇವ್ಸ್ ಓಟಗಾರರು ನಿಂತಿದ್ದರು, ಔಟಾಗಿದ್ದವನು ಒಬ್ಬನೇ. ಆಗ ಬ್ರೇವ್ಸ್‌ನ ಸಿಡ್ ಬ್ರೀಮ್ ಹೊಡೆದ ಚೆಂಡಿನಲ್ಲಿ ಒಟ್ಟಿಗೇ ಎರಡು ಔಟ್ ಸಿಕ್ಕವು; ಮೂರು ಔಟಾದ್ದರಿಂದ ಅವರ ಸರದಿ ಮುಗಿಯಿತು. ಎಂಥ ಗಳಿಗೆ ಅದು! ಪಂದ್ಯದ ನಿಗದಿತ ಒಂಬತ್ತು ಇನಿಂಗ್ಸ್ ಮುಗಿದಾಗಲೂ 0–0, ಹಾಗಾಗಿ ಆಟ ಮುಂದುವರಿಯಿತು. ಮಾರಿಸ್ ಚೆಂಡನ್ನು ಬೇರೊಬ್ಬರಿಗೆ ಒಪ್ಪಿಸಲಿಲ್ಲ. ಹತ್ತನೆಯದರಲ್ಲಿ ಟ್ವಿನ್ಸ್‌ನ ಜೀನ್ ಲಾರ್ಕಿನ್ ಹೊಡೆತಕ್ಕೆ ಸಹ ಆಟಗಾರ ಡ್ಯಾನ್ ಗ್ಲ್ಯಾಡನ್ ಓಡಿ ಬಂದು ರನ್ ಗಳಿಸಿದರು: 1–0.